ಆಟದೊಳಗಿನ ನಾದಿನಿ

ನಮ್ಮ ಅತ್ತಿಗೆ ಅಟ್ಟಕ್ಕೆ ಏಣಿ ಹತ್ತಬೇಕಾದರೆ ಎದುರಂಗಡಿಯ ಗಡಿಯಾರ ರಿಪೇರಿಯವರನ್ನು ಕರೆಸುತ್ತಿದ್ದರು. ಏಣಿಯ ಬುಡದಲ್ಲೇ ನಾನು ಎರಡು ಕೈ ಜೋಲು ಬಿಟ್ಟುಕೊಂಡು ನಿಂತಿದ್ದರೂ ಸರಿ, ಅವರೇ ರಸ್ತೆ ದಾಟಿ ಬರಬೇಕು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಹಣೆಗೇರಿಸಬೇಕು, ಏಣಿ ಹಿಡಿಯಬೇಕು. ಬೀದಿಯಲ್ಲಿ ಅವರ ಹೆಸರೇ ಭೂತಗನ್ನಡಿ. ಪಾಪ, ಒಂದು ಸಲ ನನ್ನ ಮುಖ ನೋಡಿ, ಇನ್ನೊಂದು ಸಲ ಅತ್ತಿಗೆಯ ಮುಖ ನೋಡಿ, ಏನೂ ಕೇಳದೆ ಹಿಡಿದು ನಿಲ್ಲುತ್ತಿದ್ದರು. ಕೇಳಿದ್ದರೆ ನಾನೇ ಹೇಳುತ್ತಿದ್ದೆ, ಇದೆಲ್ಲ ಒಂದು ಕಂಪ್ಯೂಟರ್ ಆಟದಿಂದ ಆದದ್ದು ಎಂದು.

ನಮ್ಮದು ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಜಿಪ್ಪು ಬದಲಿಸುವುದು, ಪರದೆಗೆ ಅಂಚು ಮಡಿಚುವುದು, ಇಂಥವೇ ಹೆಚ್ಚು. ಮುಂದಿನ ಕೋಣೆಯಲ್ಲಿ ಕತ್ತರಿಸುವ ಮೇಜು, ಅದರ ಮೇಲ್ಗಡೆ ಅಟ್ಟ, ಅಟ್ಟದಲ್ಲಿ ಬಟ್ಟೆಯ ಸುರುಳಿಗಳು. ಹಿಂದಿನ ಕೋಣೆಯಲ್ಲಿ ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮೆಷಿನ್ನು, ಇಸ್ತ್ರಿ ಮೇಜು, ಮತ್ತು ನಾನು. ಮೆಷಿನ್ನಿನಿಂದ ಏಳುವ ನೂಲಿನ ಧೂಳು ಮುಂದೆ ನೇತುಹಾಕಿದ ಬಟ್ಟೆಗಳ ಮೇಲೆ ಕೂರಬಾರದೆಂದು ನಡುವಿನ ಬಾಗಿಲು ಯಾವಾಗಲೂ ಹಾಕಿರುತ್ತದೆ. ಮಹಡಿಯ ಮೇಲೆ ಮನೆ: ಅಣ್ಣ, ಅತ್ತಿಗೆ, ಕಾಲೇಜಿಗೆ ಹೋಗುವ ಅವರ ಮಗಳು ಪುಟ್ಟಿ, ಜೊತೆಗೆ ನಾನು. ಜನ ನನ್ನ ಮದುವೆಯ ಮಾತೆತ್ತುವ ವಯಸ್ಸು ದಾಟಿ, ಎತ್ತಿದರೆ ನಾನೇ ನಗುವ ವಯಸ್ಸಿಗೆ ಬಂದಿದ್ದೇನೆ. ಈ ಮನೆ ಬಿಟ್ಟರೆ ನನಗೆ ಬೇರೆ ಮನೆಯಿಲ್ಲ.

ಅತ್ತಿಗೆ ಈ ಮನೆಗೆ ಬಂದಾಗ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲವಂತೆ. ಅಣ್ಣ ಕೈಹಿಡಿದು ಕಲಿಸಿದ. ಕೆಲವೇ ವರ್ಷದಲ್ಲಿ ಗುರುವಿಗೇ ತಿರುಮಂತ್ರ. ಅಣ್ಣ ಕತ್ತರಿ ಕೆಳಗಿಟ್ಟು ಲೆಕ್ಕ-ಪತ್ರ, ಗಿರಾಕಿ ಅಂತ ಓಡಾಡಿಕೊಂಡ, ಕತ್ತರಿಸುವ ಮೇಜು ಅತ್ತಿಗೆಯದಾಯಿತು. ಅವರ ಕೈ ಎಷ್ಟು ಚೊಕ್ಕವೋ ಮನಸ್ಸು ಅಷ್ಟೇ ಅನುಮಾನದ್ದು. ಒಬ್ಬರ ಸೊಂಟವನ್ನು ಒಂದೇ ಸಲ ಅಳೆದು ಬಿಟ್ಟವರಲ್ಲ. "ಅಳತೆ ಕೊಡೋವಾಗ ಯಾರೂ ನಿಜ ಹೇಳಲ್ಲ ಕಣೇ, ಹೊಟ್ಟೆ ಒಳಗೆ ಎಳ್ಕೋತಾರೆ," ಎನ್ನುವರು. ಗಿರಾಕಿಯನ್ನು ಮಾತಿಗೆ ಎಳೆದು, ಅವನು ನಕ್ಕು ಉಸಿರು ಬಿಟ್ಟಾಗ ಟೇಪು ಬಿಗಿಯುತ್ತಿದ್ದರು.

ಹೋದ ವರ್ಷ ಅಣ್ಣ ತೀರಿಕೊಂಡ. ಅಟ್ಟದಿಂದ ಪರದೆ ಬಟ್ಟೆ ಇಳಿಸಲು ಹತ್ತಿದ್ದ, ನಯವಾದ ನೆಲದ ಮೇಲೆ ಏಣಿಯ ಕಾಲು ಜಾರಿತು, ತಲೆ ಮೇಜಿನ ಮೂಲೆಗೆ ಬಡಿಯಿತು. ಅತ್ತಿಗೆ ಕೋಟೊಂದನ್ನು ಗಿರಾಕಿಗೆ ಮುಟ್ಟಿಸಲು ಹೋಗಿದ್ದರು. ಅಂದು ಭೂತಗನ್ನಡಿಯ ಅಂಗಡಿಗೆ ರಜೆ. ನಾನು ಹಿಂದಿನ ಕೋಣೆಯಲ್ಲಿದ್ದೆ. ಇಸ್ತ್ರಿಯಾದ ಬಟ್ಟೆ ತೆಗೆದುಕೊಂಡು ಬಾಗಿಲು ತೆರೆದಾಗ ನೋಡಿದೆ. ಅದನ್ನು ಮತ್ತೆ ಮತ್ತೆ ಹೇಳಲು ನನ್ನಿಂದಾಗುವುದಿಲ್ಲ.

ಆಮೇಲೆ ಅತ್ತಿಗೆ ಮಾತು ನಿಲ್ಲಿಸಿಬಿಟ್ಟರು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಕತ್ತರಿಯ ಬಾಯಿ ತೆರೆದು ಹಿಡಿದು, ಬಟ್ಟೆಗೆ ತಾಗಿಸದೆ, ಗೋಡೆ ನೋಡುತ್ತ ಕೂರುವರು. ಅದನ್ನು ನೋಡಲಾರದೆ ಪುಟ್ಟಿ ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಕೊಲೆಗಾರನನ್ನು ಹುಡುಕುವ ಆಟ. ಅಕ್ಷರವೆಲ್ಲ ಕನ್ನಡದಲ್ಲೇ ಬರುತ್ತಿತ್ತು, ಮಾತು ಮಾತ್ರ ಇಂಗ್ಲಿಷು. ಕಿವಿಗೆ ಕಿರಿಕಿರಿ ಎಂದು ಅತ್ತಿಗೆ ಆ ಮಾತುಗಳನ್ನು ಮೊದಲಲ್ಲೇ ಬಂದ್ ಮಾಡಿಸಿದರು. ಗುದ್ದು, ಗಾಳಿ, ಹೆಜ್ಜೆ ಸಪ್ಪಳ ಉಳಿದವು.

"ಅಮ್ಮನಿಗೆ ತಪ್ಪು ಹುಡುಕೋದು ಅಂದ್ರೆ ಇಷ್ಟ ತಾನೇ ಅತ್ತೆ? ಹುಡುಕ್ಲಿ ಬಿಡು," ಎಂದಳು ಪುಟ್ಟಿ.

ಆಟ ಶುರುವಾಗುವುದು ಹೇಗೆ ಎಂದು ಆ ಹುಡುಗಿ ನೋಡಿರಲಿಲ್ಲ. ದೊಡ್ಡ ಮನೆ, ಎತ್ತರದ ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲಿ ತಲೆಯೊಡೆದು ಬಿದ್ದ ಮನೆಯ ಯಜಮಾನ. ರಕ್ತ ನೆಲದ ಮೇಲೆ ಹರಿದು ನಮ್ಮ ಕಡೆಗೇ ಬರುತ್ತದೆ. ಅತ್ತಿಗೆ "ಅಯ್ಯೋ!" ಎಂದು ಲ್ಯಾಪ್‌ಟಾಪು ದೂಡಿದರು. ನಾನು ಓಡಿಹೋಗಿ ಮುಚ್ಚಿದೆ, ಪುಟ್ಟಿಗೆ ಬಾಯಿಗೆ ಬಂದ ಹಾಗೆ ಬೈದೆ. ಆದರೆ ಮಾರನೆಯ ಮಧ್ಯಾಹ್ನ ಹಿಂದಿನ ಕೋಣೆಯಿಂದ ಬಂದರೆ ಅದೇ ಮೆಟ್ಟಿಲು, ಅದೇ ಯಜಮಾನ, ಮುಂದೆ ಅತ್ತಿಗೆ.

"ಇದು ಜಾರಿದ್ದಲ್ಲ," ಎಂದರು ನನ್ನನ್ನು ನೋಡದೆ. "ಯಾರೋ ಬೇಕಂತಲೇ ಮಾಡಿದ್ದು."

ಅಲ್ಲಿಂದ ಅವರಿಗೆ ಅದೇ ಜಪ. ಆ ದಿನ ಲ್ಯಾಪ್‌ಟಾಪಿನ ಪರದೆಯ ಮೇಲೆ 'ಮುಂದುವರಿಯಲು ಯಾವುದಾದರೂ ಕೀಲಿಕೈ ಒತ್ತಿ' ಎಂದು ಬಂತು. ಇಡೀ ಮಧ್ಯಾಹ್ನ ಆ ಚಿತ್ರದ ಗೋಡೆಯಲ್ಲಿ ನೇತಾಡುತ್ತಿದ್ದ ಬೀಗದಕೈ ಗೊಂಚಲನ್ನು ಒತ್ತಿ ಒತ್ತಿ ಸುಸ್ತಾದರು. ಪುಟ್ಟಿ ಬಂದು ನೋಡಿ ನಕ್ಕೂ ನಕ್ಕೂ ಅತ್ತಳು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪುಣ್ಯಾತ್ಮ ಯಾರೋ, ಕಣ್ಣು ಮುಚ್ಚಿಕೊಂಡು ಕೀಬೋರ್ಡಿನ ಕೀಯನ್ನು ಕೀಲಿಕೈ ಮಾಡಿದ್ದ. ಅತ್ತಿಗೆ ಮಾತ್ರ ನಗಲಿಲ್ಲ. ಅವರಿಗೆ ಅದರಲ್ಲೂ ಏನೋ ಸಂಚು ಕಂಡಿತು.

ಅವರ ಆಟದ ಧಾಟಿ ನೋಡುವ ಹಾಗಿತ್ತು. ಪೊಲೀಸ್ ಅಧಿಕಾರಿಯ ಕೋಟಿನ ತೋಳು ಏರುಪೇರಾಗಿದೆ ಎಂದು ಬೈಯುವರು. ಮಾಲಿ ಮಾತಾಡುವಾಗ ಹೊಟ್ಟೆ ಒಳಗೆಳೆದುಕೊಂಡ ಎನ್ನುವರು. ರಕ್ತ ಬರುವ ಸೂಚನೆ ಸಿಕ್ಕಿದರೆ ಲೈನಿಂಗ್ ಬಟ್ಟೆಯ ತುಂಡೊಂದನ್ನು ಪರದೆಯ ಮೇಲೆ ಇಳಿಬಿಟ್ಟು ಸದ್ದು ಮಾತ್ರ ಕೇಳುವರು. ಸದ್ದು ಇನ್ನೂ ಕೆಟ್ಟದ್ದು. ಬಟ್ಟೆಯ ಅಂಚನ್ನು ಬೆರಳಲ್ಲಿ ಎತ್ತಿ ಇಣುಕುವರು, ಮತ್ತೆ ಬಿಡುವರು. ಕೊಲೆಗಾರ ಇವನೇ ಎಂದು ತಪ್ಪು ಮನುಷ್ಯನ ಚಿತ್ರ ಒತ್ತಿದರೆ ಊರಿನ ಜನ ಸೇರಿ ಅವನನ್ನು ಬಡಿದು ಕೊಲ್ಲುತ್ತಾರೆ, ಆಟ ಮುಂದುವರಿಯುತ್ತದೆ. ಮೊದಲು ಮಾಲಿಯನ್ನು ಒತ್ತಿದರು. ಅವನು ಕೈಮುಗಿದು ಬೇಡುತ್ತಲೇ ಸತ್ತ. ಆ ದಿನ ಅತ್ತಿಗೆ ಊಟ ಮಾಡಲಿಲ್ಲ. "ನಾನೇ ಕೊಂದ ಹಾಗಾಯ್ತಲ್ಲೇ," ಎಂದು ಎರಡು ಮೂರು ಸಲ ಅಂದರು. ಚಿತ್ರದ ಮಾಲಿಗೆ ಇಷ್ಟು ಮರುಗುವುದೇ ಎಂದು ನಾನು ಒಳಗೊಳಗೇ ನಕ್ಕೆ.

ನನ್ನ ನಗು ಹೆಚ್ಚು ದಿನ ಉಳಿಯಲಿಲ್ಲ. ಅತ್ತಿಗೆಗೆ ಅಕ್ಷರವನ್ನು ಗಟ್ಟಿಯಾಗಿ ಓದುವ ಅಭ್ಯಾಸ. ಒಂದು ದಿನ ನಾನು ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದಾಗ ಆಟದ ಅಡುಗೆಯಾಕೆಯ ಹೇಳಿಕೆ ಓದಿದರು: "ಯಜಮಾನರು ಬೀಳುವ ಮುನ್ನ ಸಹಾಯಕ್ಕಾಗಿ ಕರೆದರು. ನಾದಿನಿ ಮನೆಯಲ್ಲೇ ಇದ್ದಳು. ಅವಳು ಬರಲಿಲ್ಲ."

ಓದಿ ನಿಲ್ಲಿಸಿದರು. ನಿಧಾನಕ್ಕೆ ತಲೆಯೆತ್ತಿ ನನ್ನನ್ನು ನೋಡಿದರು. ಗಿರಾಕಿಯ ಸೊಂಟ ನೋಡುವ ನೋಟ ಅದು. ಗಂಡನ ತಂಗಿ ನಾದಿನಿ. ಈ ಮನೆಯಲ್ಲಿ ನಾದಿನಿ ಅಂದರೆ ನಾನೊಬ್ಬಳೇ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಾರನೆಯ ದಿನದಿಂದ ದೊಡ್ಡ ಕತ್ತರಿ ನನ್ನ ಕೈಗೆ ಸಿಗದ ಕಡೆ ಹೋಯಿತು. ನಾನು ಕೊಟ್ಟ ಚಹಾ ಮೂಸಿ ನೋಡಿ ಕುಡಿದರು. ಏಣಿ ಹಿಡಿಯಲು ಭೂತಗನ್ನಡಿಯವರಿಗೆ ಕರೆ ಹೋಗತೊಡಗಿತು. ನಾನು ಮೆಷಿನ್ನಿಗೆ ದಾರ ಪೋಣಿಸುತ್ತಿರುವಾಗ ಬಂದು ನಿಂತು, ಏನೂ ಅಲ್ಲವೆಂಬಂತೆ, "ಅವತ್ತು ಏನು ಹೊಲೀತಿದ್ದೆ ನೀನು?" ಎಂದರು.

"ಶಾಲೆ ಸಮವಸ್ತ್ರದ ಸ್ಕರ್ಟು."

ಕೆಲವು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ. ಯಾವುದೋ ಯೋಚನೆಯಲ್ಲಿದ್ದೆ. "ದಿಂಬಿನ ಕವರು," ಎಂದೆ.

"ಮೊನ್ನೆ ಸ್ಕರ್ಟು ಅಂದಿದ್ದೆ."

"ಎರಡೂ ಇತ್ತು ಅತ್ತಿಗೆ. ಸ್ಕರ್ಟಾದ್ಮೇಲೆ ಕವರು."

"ಹೂಂ," ಎಂದು ಹೋದರು. ಆ ಹೂಂ ಇತ್ತಲ್ಲ, ಅದಕ್ಕಿಂತ ಕೆನ್ನೆಗೊಂದು ಹೊಡೆದಿದ್ದರೆ ವಾಸಿಯಿತ್ತು. ನನಗೆ ಮೈಯೆಲ್ಲ ಉರಿಯಿತು. ನನ್ನ ಅಣ್ಣ ಅವನು! ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದವನು. ಅವನು ಕರೆದರೆ ನಾನು ಹೋಗದೆ ಇರುತ್ತೇನೆಯೆ?

ಅನುಮಾನ ಅಂಟುರೋಗ, ನನಗೂ ಹತ್ತಿತು. ಇಷ್ಟು ಕೇಳುವವರು ತಾವು ಎಲ್ಲಿದ್ದರು? ಕೋಟು ಮುಟ್ಟಿಸಲು ಹೋಗಿದ್ದೆ ಎಂದವರು. ಆ ಗೋಧಿ ಬಣ್ಣದ ಕೋಟು ನನಗೆ ಚೆನ್ನಾಗಿ ನೆನಪಿತ್ತು. ಅಣ್ಣ ಹೋದ ಮೇಲೆ ಅಂಗಡಿ ತೆರೆದಾಗ ಅದರ ಯಜಮಾನ ತಾನೇ ಬಂದು, ಎರಡು ಸಮಾಧಾನದ ಮಾತು ಹೇಳಿ, ಗೂಟದಿಂದ ಇಳಿಸಿಕೊಂಡು ಹೋಗಿದ್ದ. ಹಾಗಾದರೆ ಅತ್ತಿಗೆ ಹೋಗಿದ್ದೆಲ್ಲಿಗೆ? ಕೇಳಲಿಲ್ಲ. ಕೇಳಿದರೆ ಈ ಮನೆಯಲ್ಲಿ ಏನು ಉಳಿಯುತ್ತದೆ ಎಂದು ಹೆದರಿಕೆ. ನಾನು ಅವರ ಬೆನ್ನು ನೋಡುವುದು, ಅವರು ನನ್ನ ಬೆನ್ನು ನೋಡುವುದು, ನಡುವೆ ಗಿರಾಕಿಗಳಿಗೆ ಮುಗುಳ್ನಗೆ. ಹೀಗೆ ಅಂಗಡಿ ನಡೆಯಿತು.

ಅತ್ತ ಆಟ ಮುಂದೆ ಹೋಗುತ್ತಿರಲಿಲ್ಲ. ಒಂದು ಕಡೆ 'ನಾದಿನಿ ಬರಲಿಲ್ಲ' ಎಂದು ಬರುತ್ತಿತ್ತು, ಇನ್ನೊಂದು ಕಡೆ 'ಅತ್ತಿಗೆಯ ಕೈಗವಸಿನ ಮೇಲೆ ರಕ್ತ' ಎಂದು. ನಮ್ಮ ಅತ್ತಿಗೆ ಇಬ್ಬರು ಹೆಂಗಸರನ್ನು ಲೆಕ್ಕ ಹಾಕಿದರು. ಆದರೆ ಯಾರು ಕೊಲೆಗಾರರೆಂದು ಒತ್ತಬೇಕಾದ ಜಾಗದಲ್ಲಿ ಅಡುಗೆಯಾಕೆಯನ್ನು ಬಿಟ್ಟರೆ ಉಳಿದಿದ್ದ ಹೆಂಗಸಿನ ಚಿತ್ರ ಒಂದೇ, ಅದರ ಕೆಳಗೆ 'ಅತ್ತಿಗೆ' ಎಂದಿತ್ತು.

"ನಾದಿನಿ ತಪ್ಪಿಸ್ಕೊಂಡಿದಾಳೆ," ಎಂದರು ಹಲ್ಲು ಕಚ್ಚಿ. ಆ ಒಂದು ಚಿತ್ರ ಒತ್ತಲು ಅವರಿಗೆ ಬೆರಳು ಬರಲಿಲ್ಲ. ಬದಲಿಗೆ ವೈದ್ಯನನ್ನು ಒತ್ತಿದರು, ಅವನು ಸತ್ತ. ಅಡುಗೆಯಾಕೆಯನ್ನು ಒತ್ತಿದರು, ಅವಳೂ ಸತ್ತಳು. ಪ್ರತಿ ಸಾವಿಗೂ ಅತ್ತಿಗೆಯ ಮುಖ ಇಷ್ಟಿಷ್ಟೇ ಬಿಳುಚಿತು. ಕೊನೆಗೊಂದು ದಿನ ಇಸ್ತ್ರಿ ಮೇಜಿನ ಹತ್ತಿರ ಬಂದು, "ನಿನಗೂ ಒಂದು ಬೇರೆ ರೂಮು ಅಂತ ನೋಡ್ಕೊಂಡ್ರೆ ವಾಸಿ ಅಲ್ವಾ? ಅಂಗಡಿ ನಾನೊಬ್ಬಳೇ ನೋಡ್ಕೋತೀನಿ," ಎಂದರು. ಇಸ್ತ್ರಿ ಪೆಟ್ಟಿಗೆ ಎತ್ತುವುದನ್ನು ಮರೆತೆ. ಯಾರದೋ ಅಂಗಿಯ ಕಾಲರು ಸುಟ್ಟಿತು.

ಅಂಗಡಿಯ ವಾರದ ರಜೆಯ ಮಧ್ಯಾಹ್ನ ಪುಟ್ಟಿ ಕೆಳಗೆ ಬಂದಳು. ಅಮ್ಮ ಎಲ್ಲಿ ಸಿಕ್ಕಿಬಿದ್ದಿದ್ದಾಳೆ ನೋಡೋಣ ಎಂದು ಕೂತು, ಬಂದ್ ಮಾಡಿದ್ದ ಇಂಗ್ಲಿಷ್ ಮಾತು ಹಾಕಿ, ಸತ್ತ ಅಡುಗೆಯಾಕೆಯ ಹಳೇ ಹೇಳಿಕೆಯನ್ನು ಮತ್ತೆ ಕೇಳಿದಳು. ಕೈಗವಸಿನ ಭಾಗವನ್ನೂ ಕೇಳಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಅಮ್ಮಾ, ಇಲ್ಲಿ ಇಬ್ಬರಿಲ್ಲ. ಎರಡು ಕಡೆಯೂ ಸಿಸ್ಟರ್ ಇನ್ ಲಾ ಅಂತಾನೇ ಹೇಳ್ತಿರೋದು. ಕನ್ನಡಕ್ಕೆ ಮಾಡಿದವನು ಒಂದು ಕಡೆ ನಾದಿನಿ ಅಂತ ಬರ್ದಿದಾನೆ, ಇನ್ನೊಂದು ಕಡೆ ಅತ್ತಿಗೆ ಅಂತ. ಒಬ್ಬಳೇ ಅವಳು."

"ಅದು ಹೇಗೆ ಒಬ್ಬಳೇ ಆಗ್ತಾಳೆ? ನಾದಿನಿ ಬೇರೆ, ಅತ್ತಿಗೆ ಬೇರೆ."

"ನಮ್ಮಲ್ಲಿ ಬೇರೆ. ಅವರಲ್ಲಿ ಎರಡಕ್ಕೂ ಒಂದೇ ಮಾತು."

ನಮ್ಮಲ್ಲಿ ಒಂದೊಂದು ನೆಂಟಸ್ತಿಕೆಗೂ ಒಂದೊಂದು ಗೂಟ, ಕಟ್ಟಿದ ಮೇಲೆ ಬಿಚ್ಚುವ ಹಾಗಿಲ್ಲ. ಇಷ್ಟು ದಿನ ನನ್ನನ್ನು ಒಂದು ಗೂಟಕ್ಕೆ ಕಟ್ಟಿ ನೋಡಿದರಲ್ಲ ಎಂಬ ಸಿಟ್ಟು ಒಮ್ಮೆಲೇ ಉಕ್ಕಿತು.

"ಹಾಗಾದ್ರೆ ಆ ಭಾಷೇಲಿ ನೀವೂ ನಾನೂ ಒಂದೇ," ಎಂದೆ. "ನನ್ನ ಕೇಳಿದ್ದಾಯ್ತಲ್ಲ, ಈಗ ನೀವು ಹೇಳಿ. ಅವತ್ತು ಎಲ್ಲಿಗೆ ಹೋಗಿದ್ರಿ? ಕೋಟು ಇಲ್ಲೇ ಗೂಟದಲ್ಲಿತ್ತು."

ಪುಟ್ಟಿ ಗಾಬರಿಯಾಗಿ ಇಬ್ಬರನ್ನೂ ನೋಡಿದಳು. ಅತ್ತಿಗೆ ಲೈನಿಂಗ್ ತುಂಡನ್ನು ಮಡಿಸಿದರು, ಬಿಚ್ಚಿದರು.

"ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದೆ," ಎಂದರು. "ಪರದೆ ಬಟ್ಟೆ ಇಳಿಸ್ಬೇಕು, ಏಣಿ ಹಿಡ್ಕೋ ಅಂದ್ರು. ಬೆಳಿಗ್ಗೆಯಿಂದ ಜಗಳ ಆಗಿತ್ತು. ಏತಕ್ಕೆ ಅಂತ ಈಗ ನೆನಪೂ ಇಲ್ಲ ಕಣೇ. ಎಲ್ಲದಕ್ಕೂ ನಾನೇ ಬೇಕಾ, ಒಳಗೆ ನಿಮ್ಮ ತಂಗಿ ಇದಾಳಲ್ಲ, ಅವಳನ್ನೇ ಕರ್ಕೊಳ್ಳಿ ಅಂದೆ. ಚಪ್ಪಲಿ ಮೆಟ್ಕೊಂಡು ಹೊರಟೆ." ತುಂಡನ್ನು ಮೇಜಿನ ಮೇಲೆ ಎಸೆದರು. "ನಾನು ಹಾಗಂದ್ಮೇಲೆ ನಿನ್ನ ಕರೆದೇ ಇರ್ತಾರೆ. ಕರೆದ್ರೆ ನೀನು ಯಾಕೆ ಬರ್ಲಿಲ್ಲ? ನೀನು ಬಂದಿದ್ರೆ ಸಾಕಿತ್ತಲ್ಲ."

"ನೀವು ಇದ್ದಿದ್ರೂ ಸಾಕಿತ್ತು," ಎಂದುಬಿಟ್ಟೆ. ಆಡಬಾರದಿತ್ತು, ಆಡಿದೆ. ಪುಟ್ಟಿ ಅಳುತ್ತ ಲ್ಯಾಪ್‌ಟಾಪು ಮುಚ್ಚಿಕೊಂಡು ಮಹಡಿಗೆ ಹೋದಳು.

ಇಬ್ಬರೇ ಉಳಿದೆವು. ಅತ್ತಿಗೆಯ ಕಣ್ಣಲ್ಲಿ ಅದೇ ಪ್ರಶ್ನೆ ಇನ್ನೂ ಇತ್ತು. ಅದನ್ನು ಹೊತ್ತುಕೊಂಡು ನಾನು ಯಾವ ರೂಮಿಗೆ ಹೋಗಲಿ? "ಏಳಿ," ಎಂದೆ. "ಹೋಗಿ ನನ್ನ ಜಾಗದಲ್ಲಿ ಕೂತ್ಕೊಳ್ಳಿ. ಬಾಗಿಲು ಹಾಕ್ಕೊಂಡು ಮೆಷಿನ್ ಓಡಿಸಿ. ನಾನು ಏಣಿ ಹತ್ರ ನಿಂತು ನಿಮ್ಮನ್ನ ಕೂಗ್ತೀನಿ. ಕೇಳಿಸಿದ್ರೆ ನಾಳೆನೇ ಗಂಟು ಮೂಟೆ ಕಟ್ತೀನಿ."

ಅವರು ಅನುಮಾನಿಸಿದರು. "ನೀನು ಮೆಲ್ಲಗೆ ಕೂಗಿದ್ರೆ?"

"ಕಿರುಚ್ತೀನಿ, ಸಾಕಾ?"

ಸುಮ್ಮನೆ ಮೆಷಿನ್ ಓಡಿಸುವುದು ಅವರ ಜಾಯಮಾನವಲ್ಲ. ಬಾಕಿಯಿದ್ದ ಸ್ಕರ್ಟುಗಳ ಕಟ್ಟು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೆಷಿನ್ನು ಗಡಗಡನೆ ಶುರುವಾಯಿತು.

ನಾನು ಏಣಿಯ ಪಕ್ಕ ನಿಂತೆ. ಬಾಯಿ ತೆರೆಯುವ ಮೊದಲು ಒಂದು ಹೆದರಿಕೆ ಬಂತು, ಬೇರೆ ರೂಮಿಗೆ ಹೋಗಬೇಕಾದೀತು ಎಂಬುದಲ್ಲ. ಕೇಳಿಸಿಬಿಟ್ಟರೆ? ಆ ಕುರ್ಚಿಯಲ್ಲಿ ಕೂತವರಿಗೆ ಈ ಜಾಗದ ಕೂಗು ಕೇಳಿಸುತ್ತದೆ ಎಂದಾದರೆ, ಅಣ್ಣ ಕೂಗಿದ್ದು ನನ್ನ ಕಿವಿಗೆ ಬಿದ್ದೂ ನಾನು ಸ್ಕರ್ಟಿನ ಅಂಚು ನೋಡುತ್ತ ಕೂತಿದ್ದೆನೆ? "ಅತ್ತಿಗೇ," ಎಂದೆ. ಮೆಷಿನ್ನು ನಿಲ್ಲಲಿಲ್ಲ. "ಅತ್ತಿಗೇ!" ಎಂದು ಜೋರಾಗಿ ಕೂಗಿದೆ. ನಿಲ್ಲಲಿಲ್ಲ. ಆಮೇಲೆ ನನಗೆ ಹಿಡಿತ ತಪ್ಪಿತು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಅದೇ ಒಂದು ಮಾತಿನಲ್ಲಿ ಹೊರಗೆ ಬಂತು. ಅತ್ತಿಗೇ, ಅತ್ತಿಗೇ ಎಂದು ಕೂಗಿ ಕೂಗಿ, ಕೊನೆಗೆ ಯಾವಾಗಲೋ ಅಣ್ಣಾ ಎಂದು ಕೂಗುತ್ತಿದ್ದೆ.

ಬೀದಿ ಬಾಗಿಲು ದಡಾರನೆ ತೆರೆಯಿತು. ಭೂತಗನ್ನಡಿಯವರು ಕಣ್ಣಿನ ಗಾಜನ್ನೂ ತೆಗೆಯದೆ ಓಡಿ ಬಂದಿದ್ದರು. ಅವರ ಹಿಂದೆ ದಾರಿಹೋಕರಿಬ್ಬರು ಇಣುಕುತ್ತಿದ್ದರು. "ಏನಾಯ್ತಮ್ಮ? ಯಾರು ಬಿದ್ರು?" ಎಂದರು ಏದುಸಿರು ಬಿಡುತ್ತ.

ಆಗ ಮೆಷಿನ್ನು ನಿಂತಿತು. ನಡುವಿನ ಬಾಗಿಲು ತೆರೆದು ಅತ್ತಿಗೆ ಬಂದರು. ಕನ್ನಡಕದ ಮೇಲೆ ನೂಲಿನ ಧೂಳು, ಕೈಯಲ್ಲಿ ಅಂಚು ಮುಗಿದ ಸ್ಕರ್ಟು.

"ಎಷ್ಟು ಹೊತ್ತು ಕಾಯ್ಲಿ ನಾನು?" ಎಂದರು ನನಗೆ. "ಕಿರುಚ್ತೀನಿ ಅಂದೆ. ಯಾವಾಗ ಕೂಗ್ತೀಯಾ?"

ಕೂಗಿ ಕೂಗಿ ನನ್ನ ದನಿ ಒಡೆದಿತ್ತು. ಭೂತಗನ್ನಡಿಯವರು, "ಅಕ್ಕಾ, ಇವರು ಕೂಗಿದ್ದು ಬೀದಿಗೆಲ್ಲ ಕೇಳಿಸ್ತಲ್ಲ," ಎಂದರು. ಅತ್ತಿಗೆ ಅವರನ್ನು ನೋಡಿದರು, ಬಾಗಿಲಲ್ಲಿ ನಿಂತ ಅಪರಿಚಿತರನ್ನು ನೋಡಿದರು, ತಿರುಗಿ ತಾವು ಎದ್ದು ಬಂದ ಕುರ್ಚಿಯನ್ನು ನೋಡಿದರು. ಸ್ಕರ್ಟು ಕೈಯಿಂದ ಜಾರಿತು. ಮೇಜಿನ ಆ ಮೂಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು, ಅಣ್ಣ ಹೋದ ಮೇಲೆ ಮೊದಲ ಸಲ ನನ್ನೆದುರಿಗೆ ಅತ್ತರು. ನಾನೂ ಅತ್ತೆ. ಅಣ್ಣ ಅಂದು ಕೂಗಿದ್ದನೋ, ಇಬ್ಬರ ಉಸಾಬರಿಯೂ ಬೇಡವೆಂದು ತಾನೇ ಹತ್ತಿದ್ದನೋ, ಅದನ್ನು ಹೇಳುವವರು ಯಾರೂ ಇಲ್ಲ.

ಆಟ ಹಾಗೆಯೇ ಅರ್ಧಕ್ಕೆ ನಿಂತಿದೆ. 'ಅತ್ತಿಗೆ' ಎಂದಿದ್ದ ಆ ಚಿತ್ರವನ್ನು ಅವರು ಇನ್ನೂ ಒತ್ತಿಲ್ಲ, ನಾನೂ ಒತ್ತು ಎನ್ನಲಿಲ್ಲ. ರಜೆ ಮುಗಿದು ಅಂಗಡಿ ತೆರೆದ ದಿನ ಪರದೆ ಹೊಲಿಸುವ ಗಿರಾಕಿ ಬಂದರು. ಅತ್ತಿಗೆ ಏಣಿ ಒರಗಿಸಿದರು. ರೂಢಿಯಂತೆ ಎದುರಂಗಡಿಯಲ್ಲಿ ಭೂತಗನ್ನಡಿಯವರು ಅರ್ಧ ಎದ್ದರು.

"ಹಿಡ್ಕೋ," ಎಂದರು ಅತ್ತಿಗೆ ನನಗೆ. ಭೂತಗನ್ನಡಿಯವರು ಮತ್ತೆ ಕೂತರು.

ಅವರು ಹತ್ತಿದರು. ಅಟ್ಟದ ಹತ್ತಿರ ಹೋಗಿ ನಿಂತು, ಒಂದು ಸಲ ಕೆಳಗೆ ನೋಡಿದರು. ಅದೇ ಅಳತೆಯ ನೋಟ.

"ಹಿಡಿದಿದ್ದೀನಿ," ಎಂದೆ. ಕೂಗಿ ಕಟ್ಟಿದ ಗಂಟಲು ಇನ್ನೂ ಬಿಟ್ಟಿರಲಿಲ್ಲ.

"ಏನಂದೆ? ಕೇಳಿಸ್ಲಿಲ್ಲ."

"ಹಿಡಿದಿದ್ದೀನಿ ಅತ್ತಿಗೇ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.